ಟಣ್ ನಿಂತರೆ ಬ್ರೇಕ್

ಮಾರ್ಚ್ 4, ಮಧ್ಯಾಹ್ನ
ಹರಾಜಿನಲ್ಲಿ ಬಂದ ಮಿಲಿಟರಿ ಟ್ರೇಲರಿನ ಹಸಿರು ಬಣ್ಣ ಅರ್ಧ ಕೆರೆದಾಯಿತು. ಖಾಸಗಿ ಗಾಡಿಗೆ ಆ ಬಣ್ಣ ಇರಕೂಡದು — ಕಾನೂನು. ತಳದಲ್ಲಿ ತುಕ್ಕು ಹೆಚ್ಚಿಲ್ಲ. ಹೊಸಬಾಳೆ ನಾಟಕ ಸಂಘಕ್ಕೆ ಇದನ್ನು ಮಡಚುವ ರಂಗಸ್ಥಳ ಮಾಡಿಕೊಡಬೇಕು. ಪಕ್ಕದ ಹಲಗೆ ಇಳಿಸಿದರೆ ವೇದಿಕೆ, ಎತ್ತಿದರೆ ಗಾಡಿ. ಅದರ ಮೇಲೆ ಮೊದಲ ಹೆಜ್ಜೆ ಇಡುವ ದುರ್ಯೋಧನ ಯಾರು? ಈ ಶಿವಶಂಕರ! ಪ್ರತಿ ವರ್ಷ ನಾನೇ.
ಗಂಟಲು ಇವತ್ತೂ ಕರಕರ. ಸಂಜೆ ಡಾಕ್ಟರ ಹತ್ತಿರ ಹೋಗಬೇಕು.

ಅದೇ ದಿನ, ಸಂಜೆ
ಗಂಟಲೊಳಗೆ ಗಂಟು. ಒಂದು ತಿಂಗಳು ಮೌನ. ಪಿಸುಮಾತೂ ಕೂಡದು. "ಈಗ ಒಂದ್ಸಲ ಜೋರಾಗಿ ಕೂಗಿದ್ರೂ ನಿಮ್ಮ ಈ ದನಿ ಮತ್ತೆ ಬರದೇ ಇರಬಹುದು" ಎಂದರು ಡಾಕ್ಟರು.
ಹಸ್ತಿನಾಪುರವೇ, ಕೇಳಿದೆಯಾ! — ಬರೆದೆ. ಕೂಗಲಿಲ್ಲ.
ಹೆಂಡತಿ ಸರ್ವಮಂಗಳ ಕಾಫಿ ತಂದಿಟ್ಟಳು. "ನಮ್ಮ ಮನಿ ಫ್ಯಾನೂ ಶಬ್ದ ಮಾಡ್ತದೆ ಅಂತ ಇವತ್ತು ಗೊತ್ತಾತು ನೋಡ್ರಿ."
ಉತ್ತರ ಕೊಡದೆ ಕುಡಿದೆ. ಇದೇ ಮೊದಲು.

ಮಾರ್ಚ್ 7
ಹಳೇ ಶಕ್ತಿಮಾನ್ ಲಾರಿಗೆ ಟ್ರೇಲರ್ ಕಟ್ಟಿ ರಿವರ್ಸ್. ಸ್ಟೇರಿಂಗಿನಲ್ಲಿ ಜಹಾಂಗೀರ್ — ಶೆಡ್ಡಿನಲ್ಲಿ ನನ್ನ ಪಾಲುದಾರ, ವೆಲ್ಡರ್. ಲಾರಿಯ ಬಾಡಿ ಅಡ್ಡ. ಹಿಂದೆ ಏನೂ ಕಾಣದು. ಇಷ್ಟು ವರ್ಷ ನನ್ನ ಕಂಠವೇ ಅವನ ಕಣ್ಣು. ಇವತ್ತು ಕೈ ಬೀಸಿದೆ. ಗೋಡೆಗೆ ಗುದ್ದಿದ. ಎರಡನೇ ಸಲ, ನಿಲ್ಲಿಸು ಎಂದು ಸ್ಪ್ಯಾನರಿನಿಂದ ಟ್ರೇಲರಿಗೆ ಒಂದೇಟು ಹಾಕಿದೆ. ಮತ್ತೆ ಗುದ್ದಿದ.
"ಒಂದೇಟು ಇಂಜಿನ್ ಗದ್ಲದಾಗೆ ಕೇಳಲ್ಲಣ್ಣ. ನೀ ಬಡೀತಾನೇ ಇರು, ನಾ ಬರ್ತಾ ಇರ್ತೀನಿ. ಬಡ್ಯೋದು ನಿಂತ್ರೆ ಬ್ರೇಕ್."
ಟಣ್ ಟಣ್ ಟಣ್ — ಬಂದ. ಕೈ ನಿಲ್ಲಿಸಿದೆ — ನಿಂತ. ಗೋಡೆಗೆ ಒಂದು ಗೇಣು ಬಾಕಿ.
"ಅಲ್ಲಾ, ನೀ ಸುಮ್ನಾದ್ರೂ ಕೆಲ್ಸ ನಡೀತದಲ್ಲಣ್ಣ!" ಎಂದು ನಕ್ಕ.

ಮಾರ್ಚ್ 15
ದುರ್ಯೋಧನನ ಪಾತ್ರ ಹೊಸ ಹುಡುಗ ತೀರ್ಥೇಶನಿಗೆ ಹೋಯಿತು. ಸಂಘದ ಹಾರ್ಮೋನಿಯಂ ಮೇಷ್ಟ್ರು ಗೋಪಾಲಪ್ಪ ಫೋನ್ ಮಾಡಿದ್ದರು. ಸರ್ವಮಂಗಳ ಮಾತಾಡಿದಳು. "ಈ ವರ್ಷಕ್ಕೆ ಅಷ್ಟೇ ಅಂತ್ರೀ."
ಹುಡುಗ ತೆಳ್ಳಗಿದ್ದಾನೆ. ವೇದಿಕೆ ಕಟ್ಟಿದ್ದು ನನ್ನ ತೂಕಕ್ಕೆ.
ನಾಲ್ಕು ಮೂಲೆಗೂ ಜಾಕ್ ಬೇಕು. ಇಲ್ಲದಿದ್ದರೆ ಭೀಮ ಹಾರಿದಾಗ ಸ್ಪ್ರಿಂಗ್ ಕುಣಿದು ದುರ್ಯೋಧನನ ಕಿರೀಟ ಬೀಳುತ್ತದೆ. ಬಿದ್ದರೆ ಬೀಳಲಿ ಎಂದು ಒಂದು ಕ್ಷಣ...
ಹಾಕಿದೆ. ನಾಲ್ಕೂ.

ಮಾರ್ಚ್ 28
ಟ್ರೇಲರ್ ಒಪ್ಪಿಸಲು ಹೊಸಬಾಳೆಗೆ. ಶಾಲೆ ಮೈದಾನದ ಗೋಡೆಗೆ ಹತ್ತಿರ ನಿಲ್ಲಿಸಬೇಕು. ಟಣ್ ಟಣ್ ಟಣ್. ಜಹಾಂಗೀರ್ ಹಿಂದೆ ಹಿಂದೆ ಬರುತ್ತಿದ್ದ. ಆಗ ಎಲ್ಲಿಂದಲೋ ಬಂದ ಗೋಪಾಲಪ್ಪ ಮೇಷ್ಟ್ರು ಟ್ರೇಲರಿಗೂ ಗೋಡೆಗೂ ನಡುವೆ ನುಗ್ಗಿ, ನಮಗೆ ಬೆನ್ನು ಹಾಕಿ, ಗೋಡೆ ಬುಡದಲ್ಲಿದ್ದ ಹಾರ್ಮೋನಿಯಂ ಪೆಟ್ಟಿಗೆ ಎತ್ತಲು ಬಗ್ಗಿದರು.
ಕೂಗು ಹೊಟ್ಟೆಯಿಂದ ಎದ್ದಿತು. ಎದೆ ದಾಟಿತು. ದನಿ ಹೋದರೆ ಹೋಗಲಿ! ಬಾಯಿ ತೆರೆದೇಬಿಟ್ಟೆ —
ಬ್ರೇಕ್ ಕಿರುಗುಟ್ಟಿತು. ನೋಡಿದರೆ ನನ್ನ ಕೈ ಗದೆ ಎತ್ತಿದಂತೆ ಗಾಳಿಯಲ್ಲೇ ನಿಂತಿದೆ. ಬಡಿತವಿಲ್ಲ. ಮೇಷ್ಟ್ರ ಬೆನ್ನಿಗೂ ಟ್ರೇಲರಿಗೂ ಒಂದು ಮೊಳ.
ಅವರು ಪೆಟ್ಟಿಗೆ ಎತ್ತಿಕೊಂಡು ತಿರುಗಿದರು. "ಎಂತಕ್ಕೆ ನಿಲ್ಸಿದ್ರಿ ಮಾರಾಯ್ರೆ? ಇನ್ನೂ ಜಾಗ ಇದ್ಯಲ!"
ಜಹಾಂಗೀರ್ ಇಳಿದು ಬಂದ. ಮೇಷ್ಟ್ರನ್ನು ನೋಡಿದ, ನನ್ನನ್ನು ನೋಡಿದ. "ಕೂಗಿದ್ಯಾ ಅಣ್ಣ?"
ಇಲ್ಲವೆಂದು ತಲೆಯಾಡಿಸಿದೆ. ಕೈ ಇನ್ನೂ ಮೇಲೇ ಇತ್ತು. ಸ್ಪ್ಯಾನರನ್ನು ಅವನೇ ಬಿಡಿಸಿಕೊಂಡ.

ಏಪ್ರಿಲ್ 5
"ಆ ಅನ್ನಿ" ಎಂದರು ಡಾಕ್ಟರು. ಅಂದೆ. ತುಕ್ಕು ಹಿಡಿದ ಕೀಲಿನ ಹಾಗೆ... ಆದರೆ ನನ್ನದೇ ದನಿ! ಇನ್ನು ಮೆತ್ತಗೆ ಮಾತಾಡಬಹುದು. ಮುಂದಿನ ವರ್ಷ ನಾಟಕಕ್ಕೂ ಅಡ್ಡಿಯಿಲ್ಲವಂತೆ.
ನೇರ ಶೆಡ್ಡಿಗೆ ಬಂದೆ. ಇನ್ನೂ ಯಾರಿಗೂ ಹೇಳಿಲ್ಲ. ಮೊದಲ ಮಾತು ಯಾವುದು? ದುರ್ಯೋಧನನ ಶಪಥವೇ?
ಹೊರಗೆ ಜಹಾಂಗೀರ್ ಹಾರ್ನ್ ಹೊಡೆಯುತ್ತಿದ್ದಾನೆ. ಇನ್ನೊಂದು ಟ್ರೇಲರ್ ಒಳಗೆ ಬರಬೇಕು. ಸ್ಪ್ಯಾನರ್ ಮೇಜಿನ ಮೇಲಿದೆ. ದನಿಯೂ ಇದೆ.
ಸ್ಪ್ಯಾನರೇ ಇರಲಿ. ಮೊದಲ ಮಾತು ಗಾಡಿ ನಿಂತ ಮೇಲೆ, ಕ್ಯಾಬಿನ್ ಬಾಗಿಲ ಹತ್ತಿರ ಹೋಗಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆತ್ತಗೆ...