ಎಂಟನೆಯ ಹಾಡಿನ ಸರ್ವನಾಮ

ನರಿಕೊಂಬು
೧೨-೨-೨೦೨೫, ಬುಧವಾರ

ಅಶ್ವಿತ್‌ನ ಅಪ್ಪನಿಗೆ ಕುಸುಮಳ ನಮಸ್ಕಾರಗಳು.

ನಿಮ್ಮ ಕಾಲಿನ ಬಾವು ಇಳಿಯಿತೇ? ಶುಗರ್ ನೋಡಿಸಿದಿರಾ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನೋಡಿಸಿದೆ ಎನ್ನುತ್ತೀರಿ, ಎಷ್ಟು ಬಂತು ಎಂದರೆ ಲೈನ್ ಸರಿಯಿಲ್ಲ ಎನ್ನುತ್ತೀರಿ. ಮೂವತ್ತಾರು ವರ್ಷ ಶಾಲೆಯಲ್ಲಿ ಮಕ್ಕಳ ನೆಪ ಕೇಳಿ ನಿವೃತ್ತಳಾದವಳು ನಾನು. ಇದಕ್ಕಿಂತ ಒಳ್ಳೆಯ ನೆಪವನ್ನು ಆರನೇ ಕ್ಲಾಸಿನವರು ಹೇಳುತ್ತಿದ್ದರು. ಹೋಟೆಲಿನ ಸ್ಟೋರಿನಲ್ಲಿ ಇಡೀ ದಿನ ನಿಂತಿರಬೇಡಿ, ಒಂದು ಸ್ಟೂಲು ಕೇಳಿ ಹಾಕಿಸಿಕೊಳ್ಳಿ. ನನ್ನ ಮೊಣಕಾಲೂ ಹಾಗೆಯೇ ಇದೆ. ಹನ್ನೊಂದು ದಿನ ಮೂಡುಬಿದಿರೆಗೆ ಹೋಗಿ ಬಂದದ್ದರಿಂದ ನಿನ್ನೆಯಿಂದ ಮೆಟ್ಟಿಲು ಹತ್ತಲು ಮನಸ್ಸೇ ಬರುತ್ತಿಲ್ಲ.

ವಾರಕ್ಕೆ ಮೂರು ಸಲ ಮುಖ ನೋಡಿಕೊಂಡು ಮಾತನಾಡುವವರಿಗೆ ಪತ್ರ ಯಾಕೆ ಎಂದು ನಿಮಗೆ ಅನಿಸಬಹುದು. ಫೋನಿನಲ್ಲಿ ನಾವು ತುಳುವಿನಲ್ಲಿ ಊಟ ಆಯಿತಾ, ಸೆಕೆ ಉಂಟಾ ಎಂದು ಕೇಳಿ ಇಡುತ್ತೇವೆ. ಬರೆಯಲು ಕುಳಿತರೆ ಮಾತ್ರ ಕನ್ನಡ ಬರುತ್ತದೆ, ಅದರ ಜೊತೆಗೆ ವಾಕ್ಯವನ್ನು ಪೂರ್ತಿ ಮಾಡಬೇಕೆಂಬ ನನ್ನ ಹಳೆಯ ಚಾಳಿಯೂ ಬರುತ್ತದೆ. ಅಶ್ವಿತ್‌ನ ಜೊತೆ ಬಾರಿಸುವ ನೌಫಲ್‌ನ ಅಣ್ಣ ಬಾಸಿತ್ ರಜೆ ಮುಗಿಸಿ ನಾಳೆ ನಿಮ್ಮ ದಮ್ಮಾಮಿಗೆ ಹೊರಡುತ್ತಾನೆ. ಸಂಜೆ ಬಂದು ಪತ್ರ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಮಾರ್ಚ್‌ನಲ್ಲಿ ಮುಗಿಯುವ ಕರಾರನ್ನು ಇನ್ನೆರಡು ವರ್ಷ ಮುಂದುವರಿಸುವ ಕಾಗದ ಕೊಟ್ಟಿದ್ದಾರೆ, ಏನು ಮಾಡಲಿ ಎಂದು ನೀವು ಮೊನ್ನೆ ಕೇಳಿದಿರಿ. ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಇದು ಮಗನ ಹಾಡಿನ ವಿಷಯ, ಅದಕ್ಕೆ ನಿಮ್ಮ ಒಪ್ಪಿಗೆ ಬೇಕಾಗಿದೆ.

ಅವರ ‘ಹಳೇ ಸಂಕ’ ಬ್ಯಾಂಡಿನ ಎರಡನೆಯ ಆಲ್ಬಂ ಅಂತೂ ಮುಗಿಯುವ ಹಂತಕ್ಕೆ ಬಂದಿದೆ. ಮೊದಲನೆಯದು ಬಂದು ಆರು ವರ್ಷವಾಯಿತು. ಆಗ ರಾಕ್ ಎಂದರೆ ಜಗತ್ತನ್ನೇ ಬಗ್ಗಿಸುತ್ತೇವೆ ಎಂಬ ಹಾಗೆ ಕುಣಿಯುತ್ತಿದ್ದರು. ಈಗ ಮೂವರಿಗೂ ಮೂವತ್ತರ ಹತ್ತಿರ. ನಮ್ಮವನು ಮೆಲ್ಕಾರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಮುಚ್ಚಿ ಗಿಟಾರ್ ಬೆನ್ನಿಗೆ ಹಾಕಿಕೊಂಡು ಹೊರಟರೆ, ನೋಡುವವರಿಗೆ ಯಾರೋ ಭಾರ ಹೊರಿಸಿ ಕಳಿಸಿದ ಹಾಗೆ ಕಾಣುತ್ತದೆ. ಬಾಸ್ ಗಿಟಾರಿನ ನೌಫಲ್, ನನ್ನ ಹಳೆಯ ವಿದ್ಯಾರ್ಥಿ, ಪಾಣೆಮಂಗಳೂರಿನಲ್ಲಿ ಮಾವನ ಚಪ್ಪಲಿ ಅಂಗಡಿಯಲ್ಲಿದ್ದಾನೆ. ಡ್ರಮ್ಸ್ ಬಾರಿಸುವ ಪ್ರಾಪ್ತಿಗೆ ಬೆಳ್ತಂಗಡಿಯಲ್ಲಿ ಕ್ಲರ್ಕ್ ಕೆಲಸ. ವೇಣೂರಿನ ಮೇಲೆ ಬರುವ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಬಂದು, ಮುಖ ತೊಳೆದು ಡ್ರಮ್ಸಿನ ಮುಂದೆ ಕುಳಿತುಕೊಳ್ಳುತ್ತಾಳೆ. ಹೀಗೆ ಸಿಕ್ಕಿದ ರಜೆಗಳಲ್ಲೇ ಎಂಟು ಹಾಡು ಮಾಡಲು ಎರಡು ವರ್ಷ ಹಿಡಿಯಿತು. ಯಾರಿಗೂ ಮೊದಲಿನ ಉಮೇದಿಲ್ಲ. ಆದರೆ ಬಿಡುವ ಮನಸ್ಸೂ ಇಲ್ಲ, ಅದು ನನಗೆ ಅರ್ಥವಾಗುತ್ತದೆ.

ನಾನು ಇದರಲ್ಲಿ ಸಿಕ್ಕಿಬಿದ್ದ ಕಥೆ ನಿಮಗೆ ಪೂರ್ತಿ ಗೊತ್ತಿಲ್ಲ. ಮೊದಲ ಆಲ್ಬಂನಲ್ಲಿ ಅಶ್ವಿತ್ ಸ್ಟೈಲ್ ಮಾಡಲು ಹೋಗಿ ‘ಕತ್ತಲೆ’ಯನ್ನು ‘ಕಟ್ಟಲೆ’ ಎಂದು ಹಾಡಿದ್ದ. ಕೇಳಿದವರೆಲ್ಲ ಇಂಟರ್‌ನೆಟ್ಟಿನಲ್ಲಿ ಅದನ್ನೇ ಹಿಡಿದುಕೊಂಡು ಗೇಲಿ ಮಾಡಿದರು. ಕನ್ನಡ ಟೀಚರಿನ ಮಗ ಎಂದು ಒಬ್ಬ ಬರೆದೂ ಇದ್ದ. ಆದ್ದರಿಂದ ಈ ಸಲ ದನಿ ರೆಕಾರ್ಡ್ ಮಾಡುವಾಗ ನೀನು ಬಂದು ಕುಳಿತುಕೋ ಎಂದ. ಕೈಯಲ್ಲಿ ಹಾಡಿನ ಕಾಗದ, ಕೆಂಪು ಪೆನ್ನು. ನಿವೃತ್ತಿಯ ಮೇಲೆ ಇನ್ನೊಂದು ಉದ್ಯೋಗ ಸಿಕ್ಕಿತೆಂದು ನಾನೂ ಹೊರಟೆ. ಬಿ.ಸಿ.ರೋಡಿನಿಂದ ಸಿದ್ದಕಟ್ಟೆ ಮೇಲೆ ಮೂಡುಬಿದಿರೆಗೆ ಬಸ್ಸು, ಇಳಿದ ಮೇಲೆ ಬಿಸಿಲಿನಲ್ಲಿ ಅರ್ಧ ಮೈಲು ನಡಿಗೆ.

ಸ್ಟುಡಿಯೋ ಎಂದರೆ ನೀವು ದೊಡ್ಡದಾಗಿ ಊಹಿಸಬೇಡಿ. ಚಿದಾನಂದ ಎಂಬ ಹುಡುಗನದು, ಮದುವೆಯ ವಿಡಿಯೋ ಮಾಡಿ ಜೀವನ ನಡೆಸುತ್ತಾನೆ. ಮಾಳಿಗೆಯ ಎರಡು ಕೋಣೆ, ಗೋಡೆಗಳಿಗೆ ಮದುವೆ ಹಾಲ್‌ನ ಹಳೆಯ ಜಮಖಾನ ತೂಗುಹಾಕಿದ್ದಾನೆ. ಮೈಕ್ ಆನ್ ಆದರೆ ಫ್ಯಾನ್ ಬಂದ್. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇರುವುದರಿಂದ ಅದು ಮಧ್ಯಾಹ್ನ ನಿಲ್ಲುವ ತನಕ ಯಾರೂ ಹಾಡುವಂತಿಲ್ಲ. ಮತ್ತೆ ಒಂದು ವಿಷಯ ನನಗೆ ಅಲ್ಲಿ ಹೋಗುವ ತನಕ ಗೊತ್ತಿರಲಿಲ್ಲ, ಆಲ್ಬಂನಲ್ಲಿ ಅವರು ಒಟ್ಟಿಗೆ ಬಾರಿಸುವುದೇ ಇಲ್ಲ. ಮೊದಲು ಪ್ರಾಪ್ತಿ ಕಿವಿಯಲ್ಲಿ ಟಿಕ್ ಟಿಕ್ ಎಂಬ ತಾಳ ಹಾಕಿಕೊಂಡು ಒಬ್ಬಳೇ ಡ್ರಮ್ಸ್ ಬಾರಿಸಿ ಹೋಗುತ್ತಾಳೆ. ಇನ್ನೊಂದು ದಿನ ನೌಫಲ್ ಬರುತ್ತಾನೆ, ಮತ್ತೊಂದು ದಿನ ಗಿಟಾರ್, ಕೊನೆಗೆ ದನಿ. ಕೇಳುವವರಿಗೆ ಎಲ್ಲರೂ ಎದುರುಬದುರು ನಿಂತು ಬಾರಿಸಿದ ಹಾಗೆ ಕೇಳಬೇಕು. ಒಂದೇ ಮನೆಯವರು ಬೇರೆ ಬೇರೆ ಹೊತ್ತಿಗೆ ಉಂಡು ಎದ್ದು, ಫೋಟೋದಲ್ಲಿ ಮಾತ್ರ ಒಂದೇ ಪಂಕ್ತಿಯಲ್ಲಿ ಕುಳಿತ ಹಾಗೆ. ನಮ್ಮ ಮನೆಗೆ ಇದು ಹೊಸತೇನಲ್ಲ ಎಂದುಕೊಂಡೆ.

ಏಳು ಹಾಡು ಹೇಗೋ ಮುಗಿದವು. ಒಂದೇ ಸಾಲನ್ನು ನಲವತ್ತು ಸಲ ಕೇಳಿದರೆ ಎಂಥ ಒಳ್ಳೆಯ ಸಾಲೂ ಬೇಸರ ಬರಿಸುತ್ತದೆ. ನಾನು ‘ಇನ್ನೊಮ್ಮೆ’ ಎಂದಾಗಲೆಲ್ಲ ಗಾಜಿನ ಆಚೆಯಿಂದ ಅಶ್ವಿತ್ ನನ್ನನ್ನು ನೋಡುತ್ತಿದ್ದ ನೋಟ ನೀವು ನೋಡಬೇಕಿತ್ತು. ಎಂಟನೆಯ ಹಾಡಿನ ಕಾಗದವನ್ನು ಅವನು ಉಳಿದದ್ದೆಲ್ಲ ಮುಗಿಯುವ ತನಕ ನನಗೆ ಕೊಡಲೇ ಇಲ್ಲ. ಕಳೆದ ಗುರುವಾರ ಕೊಟ್ಟ. ಅದು ನಿಮ್ಮ ಮೇಲೆ ಬರೆದ ಹಾಡು.

ನಿಮಗೆ ನೆನಪಿರಬಹುದು. ನೀವು ಮೊದಲ ಸಲ ರಜೆಗೆ ಬಂದಾಗ ಅವನಿಗೆ ಮೂರು ವರ್ಷ. ಗೇಟಿನ ಹತ್ತಿರ ಆಡುತ್ತಿದ್ದವನು ನಿಮ್ಮನ್ನು ಕಂಡು, ಯಾರೋ ಬಂದಿದ್ದಾರೆ ಎಂದು ಒಳಗೆ ಓಡಿ ನನ್ನ ಸೀರೆ ಹಿಡಿದುಕೊಂಡ. ನಾವು ಅದನ್ನು ಎಷ್ಟು ಸಲ ಹೇಳಿ ನಕ್ಕಿದ್ದೇವೆ. ಅವನು ನಗಲಿಲ್ಲ ಎಂಬುದನ್ನು ಗಮನಿಸಿರಲಿಲ್ಲ. ಹಾಡು ಅಲ್ಲಿಂದಲೇ ಶುರುವಾಗುತ್ತದೆ. ‘ಗೇಟಿನ ಹೊರಗೆ ನೀನು ನಿಂತಿದ್ದೆ, ಯಾರೋ ಬಂದಿದ್ದಾರೆ ಎಂದು ನಾನು ಓಡಿದ್ದೆ’. ಕೊನೆಯ ಸಾಲು, ‘ಈ ಸಲ ಓಡುವುದಿಲ್ಲ, ಬಾ’. ಎರಡು ಸಲ ಓದಿದೆ. ಆದರೆ ಕೈ ಸುಮ್ಮನಿರಬೇಕಲ್ಲ. ಎಲ್ಲೆಲ್ಲಿ ‘ನೀನು’ ಇತ್ತೋ ಅಲ್ಲೆಲ್ಲ ಕೆಂಪು ಗೆರೆ ಎಳೆದು ಮೇಲೆ ‘ನೀವು’ ಎಂದು ಬರೆದೆ. ನನ್ನನ್ನು ತುಳುವಿನ ‘ಈ’, ಅಂದರೆ ನೀನು, ಎಂದೇ ಕರೆದು ಬೆಳೆದವನು, ಅದು ತಾಯಿಗೆ ಸಲ್ಲುವ ಮಾತು. ತಂದೆಯನ್ನು ಊರೆಲ್ಲ ಕೇಳುವ ಹಾಗೆ ಏಕವಚನದಲ್ಲಿ ಕರೆಯುವುದೆಂದರೇನು? ನೀವು ಅಷ್ಟು ದೂರದಲ್ಲಿ ಕುಳಿತು ಅದನ್ನು ಕೇಳಿದರೆ, ಮಗನಿಗೆ ಮರ್ಯಾದೆ ಕಲಿಸಲಿಲ್ಲ ಎಂದು ನನ್ನ ಮೇಲೇ ಬರುತ್ತದಲ್ಲ. ಅವನು ವಾದ ಮಾಡಲಿಲ್ಲ, ಹೇಳಿದ ಹಾಗೆ ಹಾಡುತ್ತೇನೆ ಎಂದು ಒಳಗೆ ಹೋದ.

ಗುರುವಾರ ಒಂಬತ್ತು ಸಲ ಹಾಡಿದ, ಶನಿವಾರ ಹದಿನಾಲ್ಕು ಸಲ. ಶ್ರುತಿ ಸರಿ, ತಾಳ ಸರಿ, ಉಚ್ಚಾರವೂ ಸರಿ. ಹಾಡು ಮಾತ್ರ ಸತ್ತಿತ್ತು. ‘ನಿಂತಿದ್ದೆ’ ಹೋಗಿ ‘ನಿಂತಿದ್ದಿರಿ’ ಬಂದದ್ದರಿಂದ ಒಂದಕ್ಷರ ಹೆಚ್ಚಾಗಿ ಎಲ್ಲಿಯೂ ಕೂರುತ್ತಿರಲಿಲ್ಲ. ‘ಬಾ’ ಎಂಬುದನ್ನು ಅವನು ಎಷ್ಟು ಹೊತ್ತು ಬೇಕಾದರೂ ಎಳೆಯಬಲ್ಲ, ‘ಬನ್ನಿ’ ಎಂದು ಎಳೆದರೆ ಬಸ್ಸಿನವರು ಬಿ.ಸಿ.ರೋಡಿನಲ್ಲಿ ಜನ ಕರೆದ ಹಾಗೆ ಆಗುತ್ತಿತ್ತು. ನೌಫಲ್ ನೆಲ ನೋಡುತ್ತಾ ಕುಳಿತಿದ್ದ. ಪ್ರಾಪ್ತಿಗೆ ತಡೆಯಲಾಗಲಿಲ್ಲ. “ಟೀಚರ್, ಬೇಜಾರು ಮಾಡ್ಬೇಡಿ. ಇದಕ್ಕೆ ಮೇಲೆ ‘ಮಾನ್ಯರೇ’ ಅಂತ, ಕೆಳಗೆ ‘ತಮ್ಮ ವಿಶ್ವಾಸಿ’ ಅಂತ ಹಾಕಿದ್ರೆ ಪಂಚಾಯತಿಗೆ ಕೊಡ್ಬಹುದು ಮಾರಾಯ್ರೇ” ಎಂದಳು. ನನಗೆ ಸಿಟ್ಟು ಬಂತು, ನಗುವೂ ಬಂತು. ಚಿದಾನಂದ ನಗಲಿಲ್ಲ. ಈ ಹಾಡು ಬಿಟ್ಟು ಏಳರಲ್ಲೇ ಆಲ್ಬಂ ಮುಗಿಸುವ ಎಂದು ಮೆಲ್ಲಗೆ ಹೇಳಿದ. ಎರಡು ವರ್ಷ ದುಡಿದವರಿಗೆ ಆ ಮಾತು ಎಷ್ಟು ಭಾರವೆಂದು ಮೂವರ ಮುಖದಲ್ಲೂ ಕಂಡಿತು.

ಅಶ್ವಿತ್ ಹೆಡ್‌ಫೋನ್ ತೆಗೆದು ಹೊರಗೆ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. “ಯಾರೋ ಬಂದಿದ್ದಾರೆ ಅಂತ ಅವತ್ತು ಮರ್ಯಾದೆಯಲ್ಲೇ ಹೇಳಿದ್ದಲ್ವಾ ಅಮ್ಮ? ಗುರ್ತ ಇಲ್ಲದವರಿಗೆ ಹಾಗೇ ಹೇಳುದು. ಇವತ್ತೂ ಹಾಗೇ ಹೇಳ್ಬೇಕಾ?” ಎಂದ. ಆಮೇಲೆ, ಫೋನ್ ಬೂತಿನಲ್ಲಿ ನೀನು ನನ್ನನ್ನು ಚಿವುಟಿದ್ದು ನೆನಪುಂಟಾ ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಅವನಿಗೆ ಯಾವ ತೊಡೆ ಎಂಬುದೂ ನೆನಪಿತ್ತು. ಶುಕ್ರವಾರ ಪಾಣೆಮಂಗಳೂರಿನ ಬೂತಿಗೆ ನಿಮ್ಮ ಫೋನ್ ಬರುತ್ತಿತ್ತಲ್ಲ, ಆಗ ಅವನಿಗೆ ಐದು ವರ್ಷ. ರಿಸೀವರ್ ಹಿಡಿದು ನಿಮಗೆ “ಈ ಏಪ ಬರ್ಪ?” ಎಂದು ಕೇಳಿದನಂತೆ, ನೀನು ಯಾವಾಗ ಬರುತ್ತಿ ಎಂದು. ಹಿಂದೆ ಸಾಲಿನಲ್ಲಿ ನಿಂತವರು ಕೇಳಿಸಿಕೊಂಡರೆಂದು ನಾನು ತೊಡೆ ಚಿವುಟಿ, “ಈರ್ ಏಪ ಬರ್ಪರ್ ಪಣ್”, ನೀವು ಯಾವಾಗ ಬರುತ್ತೀರಿ ಎನ್ನು, ಎಂದು ತಿದ್ದಿದೆನಂತೆ. ಅವನು ತಿದ್ದಿ ಹೇಳಲಿಲ್ಲ, ಫೋನ್ ನನ್ನ ಕೈಗೆ ಕೊಟ್ಟುಬಿಟ್ಟ. ಆಮೇಲೆ ಅವನು ನಿಮ್ಮ ಹತ್ತಿರ ಯಾವಾಗ ಬರುತ್ತೀರಿ ಎಂದು ಯಾವತ್ತಾದರೂ ಕೇಳಿದ್ದುಂಟೇ? ಯೋಚಿಸಿ ನೋಡಿ. ನಾನು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ, ಒಂದೇ ಒಂದು ಸಲವೂ ನೆನಪಾಗಲಿಲ್ಲ. ಓದು, ಪರೀಕ್ಷೆ, ಶೂಸ್, ಗಿಟಾರ್ ಎಲ್ಲ ಕೇಳಿದ್ದಾನೆ, ಅದೊಂದನ್ನು ಬಿಟ್ಟು. ಸರ್ವನಾಮ ಸರಿ ಮಾಡಲು ಹೋಗಿ ನಾನು ಅವನ ಪ್ರಶ್ನೆಯನ್ನೇ ಅಳಿಸಿಬಿಟ್ಟಿದ್ದೆ. ಇದನ್ನು ನಿಮಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ನನ್ನ ತಪ್ಪು.

ಸೋಮವಾರ ಹೋದೊಡನೆ ಹೊಸ ಕಾಗದ ಕೊಟ್ಟೆ, ನೀನು ಬರೆದ ಹಾಗೆಯೇ ಹಾಡು ಎಂದೆ. ಗಿರಣಿ ನಿಂತ ಮೇಲೆ ಒಳಗೆ ಹೋದ. ಒಂದೇ ಸಲ ಹಾಡಿದ. ಮುಗಿದ ಮೇಲೆ ಪ್ರಾಪ್ತಿ ಎದ್ದು ಫ್ಯಾನ್ ಹಾಕಿದಳು. ಕೊನೆಯ ‘ಬಾ’ ಎನ್ನುವಲ್ಲಿ ದನಿ ಸ್ವಲ್ಪ ಒಡೆದಿದೆ, ಕಂಪ್ಯೂಟರಿನಲ್ಲಿ ಸರಿ ಮಾಡಬಹುದು ಎಂದು ಚಿದಾನಂದ ನನ್ನ ಮುಖ ನೋಡಿದ. ಬೇಡ ಎಂದೆ.

ಈಗ ನಿಮ್ಮ ಸರದಿ. ಅಪ್ಪ ಕೇಳಿ ಹೂಂ ಎಂದ ಮೇಲೆಯೇ ಈ ಹಾಡು ಹೊರಗೆ, ಬೇಡವೆಂದರೆ ಏಳೇ ಹಾಡು ಎಂದು ಅಶ್ವಿತ್ ಎಲ್ಲರ ಮುಂದೆ ಹೇಳಿದ್ದಾನೆ. ಅವನಾಗಿ ನಿಮಗೆ ಕಳಿಸುವ ಧೈರ್ಯ ಅವನಿಗಿಲ್ಲ. ವಾಟ್ಸಾಪಿನಲ್ಲಿ ನಾನು ಕಳಿಸಿದರೆ ನೀವು ಮೆಸ್ಸಿನಲ್ಲಿ ಊಟದ ಮಧ್ಯೆ ಸ್ಪೀಕರಿಗೆ ಹಾಕುತ್ತೀರಿ. ಹಾಗಾಗಿ ಬಾಸಿತ್‌ನ ಫೋನಿನಲ್ಲಿ ಹಾಕಿಸಿದ್ದೇನೆ. ಅವನಿಂದ ಫೋನ್ ತೆಗೆದುಕೊಂಡು, ಬಾಗಿಲು ಹಾಕಿ, ಕಿವಿಗೆ ಇಟ್ಟು ಕೇಳಿ. ಡ್ರಮ್ಸಿನ ಸದ್ದಿಗೆ ಮೊದಲು ತಲೆನೋಯಬಹುದು, ನನಗೂ ನೋಯುತ್ತಿತ್ತು. ‘ನೀನು’ ಎಂದು ಕೇಳಿದಾಗ ಮಗ ಕೈಮೀರಿದ ಎಂದುಕೊಳ್ಳಬೇಡಿ. ಇಪ್ಪತ್ತೆಂಟು ವರ್ಷದಲ್ಲಿ ಅವನು ನಿಮ್ಮ ಇಷ್ಟು ಹತ್ತಿರ ಬಂದದ್ದು ನಾನು ಕಂಡಿರಲಿಲ್ಲ. ಕೇಳಿದ ಮೇಲೆ ಅವನಿಗೇ ಫೋನ್ ಮಾಡಿ, ನನಗಲ್ಲ.

ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಿ. ಅಶ್ವಿತ್ ಇನ್ನೂ ಲ್ಯಾಬಿನಿಂದ ಬಂದಿಲ್ಲ, ಅವನ ನಮಸ್ಕಾರವನ್ನೂ ನಾನೇ ಸೇರಿಸಿದ್ದೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಕುಸುಮ

ಮತ್ತೆ: ಬಾಸಿತ್ ಬಂದಾಯಿತು, ಕುಳಿತುಕೋ ಎಂದರೂ ಕೇಳದೆ ಬೈಕಿನ ಮೇಲೇ ಇದ್ದಾನೆ. ಬೇಗ ಬರೆಯುತ್ತೇನೆ. ಕರಾರಿನ ಬಗ್ಗೆ ಬರೆಯುವುದಿಲ್ಲ ಎಂದಿದ್ದೆ. ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದು ಫೋನಿನಲ್ಲಿ ಹೇಳಿದ್ದು ಮರ್ಯಾದೆಯ ಮಾತು, ಮನಸ್ಸಿನದಲ್ಲ. ಇಷ್ಟು ವರ್ಷ ಪ್ರತಿ ಸಲವೂ ಹಾಗೆಯೇ ಹೇಳಿದೆ, ಪ್ರತಿ ಸಲವೂ ನೀವು ನಂಬಿದಿರಿ. ನನಗೆ ಸಾಕಾಗಿದೆ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ನಿಮ್ಮನ್ನು ಹೀಗೆ ಕರೆದಿಲ್ಲ, ತಪ್ಪಾದರೆ ಊರಿಗೆ ಬಂದ ಮೇಲೆ ಬೈಯಬಹುದು. ಆ ಕಾಗದಕ್ಕೆ ಸಹಿ ಹಾಕಬೇಡ. ಬಾ.