ಪ್ಲೇನ್ ಸ್ಕ್ಯಾನ್ ಸಾಕಾಗಿತ್ತು

೯ ಫೆಬ್ರವರಿ ೨೦೦೩, ಭಾನುವಾರ. ಕೊಣನೂರು

ಉತ್ತರಪತ್ರಿಕೆಗಳ ಕಟ್ಟು ತಂದಿದ್ದೆ. ಬಿಚ್ಚಲೇ ಇಲ್ಲ. ಅಪ್ಪ ಅಂಗಿ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಬಲಗೈ ಮಾತು ಕೇಳುತ್ತಿಲ್ಲ. ನನ್ನನ್ನು ಅತ್ತೆ ಹೆಸರಿನಿಂದ ಕರೆದ... ಹೋದ ತಿಂಗಳು ಅಟ್ಟದಿಂದ ಬಿದ್ದು ತಲೆಗೆ ಏಟಾಗಿತ್ತಂತೆ. ಚನ್ನರಾಯಪಟ್ಟಣದಲ್ಲಿರುವ ನನಗೆ ಒಂದು ಫೋನ್ ಕೂಡ ಮಾಡಲಿಲ್ಲ.

"ನಿಂಗೆ ಇಸ್ಕೂಲ್ ಇರ್ತದೆ, ಯಾಕೆ ಗಾಬ್ರಿ ಮಾಡದು ಅಂತ" ಎಂದಳು ಅವ್ವ.

ನಾಳೆ ಹಾಸನ. ರಜೆ ಹಾಕಬೇಕು.

೧೦ ಫೆಬ್ರವರಿ. ಮೈಸೂರು, ಸಂಜೆ

ಹಾಸನದಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರ್ ಚನ್ನಬಸವಯ್ಯ ಫಿಲ್ಮ್ ತೋರಿಸಿದರು. ಮೆದುಳಿನ ಪಕ್ಕ ರಕ್ತ ಕಟ್ಟಿದೆ.

"ಏಟಿಗೆ ಪ್ಲೇನ್ ಸ್ಕ್ಯಾನೇ ಸಾಕು ಮೇಡಂ. ಉತ್ತರ ಸಿಕ್ತಲ್ಲ. ಬೇಗ ಮೈಸೂರಿಗೆ ಕರ್ಕೊಂಡು ಹೋಗಿ, ಆಪರೇಷನ್ ಮಾಡಿ ತೆಗೀತಾರೆ."

ನನಗೆ ಸಮಾಧಾನವಾಗಲಿಲ್ಲ. ನಮ್ಮ ಸ್ಕೂಲಿನ ಒಬ್ಬ ಟೀಚರ್ ತಲೆಯಲ್ಲಿದ್ದ ಗೆಡ್ಡೆ, ರಕ್ತನಾಳಕ್ಕೆ ಡೈ ಹಾಕಿ ಸ್ಕ್ಯಾನ್ ಮಾಡಿದ ಮೇಲೇ ಕಂಡದ್ದು. "ಅಪ್ಪ ಬಿದ್ದಿದ್ದೇ ಗೆಡ್ಡೆಯಿಂದ ಆಗಿದ್ರೆ? ಡೈ ಹಾಕಿ ನೋಡಿ ಸಾರ್."

"ಗೆಡ್ಡೆ, ಕೀವು... ಅಂಥ ಅನುಮಾನ ಇದ್ರೆ ಹಾಕ್ತೀವಿ. ಇಲ್ಲಿ ಹಾಗೇನೂ ಕಾಣ್ತಿಲ್ಲ. ಶುಗರ್ ಇದೆಯಾ? ಕಿಡ್ನಿ ಟೆಸ್ಟ್ ಮಾಡ್ಸಿದೀರಾ?"

"ಶುಗರ್ ಸ್ವಲ್ಪ. ಕಿಡ್ನಿ ಚೆನ್ನಾಗಿದೆ ಸಾರ್."

ಟೆಸ್ಟ್ ಮಾಡಿಸಿಯೇ ಇರಲಿಲ್ಲ. ಆದರೂ ಬಿಡಲಿಲ್ಲ ನಾನು. ಕೊನೆಗೆ ಅವರು ಒಪ್ಪಿದರು — ಮನಸ್ಸಿಲ್ಲದೆ. ಅಪ್ಪನ ಕೈಗೆ ಸೂಜಿ ಚುಚ್ಚಿ ಡೈ ಬಿಟ್ಟರು. ಮೈಯೆಲ್ಲ ಬಿಸಿ ಅಂದ. ಗೆಡ್ಡೆ ಇಲ್ಲ. ಅಬ್ಬಾ, ಎಷ್ಟು ಹಗುರ!

೧೨ ಫೆಬ್ರವರಿ

ಆಪರೇಷನ್ ಚೆನ್ನಾಗಾಯಿತು. ಅಪ್ಪ ಕಣ್ಣು ಬಿಟ್ಟು "ಸೌಜನ್ಯ, ಒಸಿ ಕಾಫಿ ತತ್ತಾ" ಅಂದ. ನನ್ನದೇ ಹೆಸರು! ವಾರ್ಡಿನ ಹೊರಗೆ ನಿಂತು ಅತ್ತುಬಿಟ್ಟೆ. ಪಕ್ಕದ ಹಾಸಿಗೆಯವರ ಮುಂದೆ ಅಪ್ಪನ ಜಂಬ ಬೇರೆ: "ನಮ್ಮುಡುಗಿ ಡಾಕ್ಟ್ರಿಗೇ ಜೋರ್ ಮಾಡಿ ಡೈ ಆಕುಸ್ದ್ಲು ಕಣ್ರಪ್ಪಾ."

೧೩ ಫೆಬ್ರವರಿ

ಮೂತ್ರದ ಚೀಲ ಖಾಲಿ. ಮುಖ ಊದಿದೆ. ಕಿಡ್ನಿ ಡಾಕ್ಟರ್ ಬಂದರು. "ಶುಗರ್‌ನಿಂದ ಕಿಡ್ನಿ ಮೊದಲೇ ಸೋತಿತ್ತು. ಡೈ ತಡ್ಕೊಳ್ಳಲಿಲ್ಲ. ರಕ್ತ ಕಟ್ಟಿದ್ದಕ್ಕೆ ಡೈ ಯಾಕೆ ಹಾಕಿದ್ರು?"

ಅವ್ವ ನನ್ನ ಮುಖ ನೋಡಿದಳು.

"ಹಾಸನದವರು ಹಾಕಿದ್ರು" ಅಂದುಬಿಟ್ಟೆ.

೪ ಮಾರ್ಚ್

ಡಯಾಲಿಸಿಸ್ ನಡೆಯುತ್ತಲೇ ಇದೆ. ಕಿಡ್ನಿ ಚೇತರಿಸಿಕೊಳ್ಳಬಹುದು ಅನ್ನುತ್ತಿದ್ದರು. ಈಗ ಅನ್ನುತ್ತಿಲ್ಲ. ನಾನೂ ಕೇಳುತ್ತಿಲ್ಲ.

೨೦ ಏಪ್ರಿಲ್, ಭಾನುವಾರ. ಕೊಣನೂರು

ಬೆಳಿಗ್ಗೆ ಪಕ್ಕದ ಮನೆ ಗುಂಡಯ್ಯ ಬಂದ. ಹೆಂಡತಿಗೆ ತಲೆನೋವು, ನಾಳೆ ಸ್ಕ್ಯಾನಂತೆ. "ನಿಮ್ಮಪ್ಪಂಗೆ ಆಕ್ಸುದ್ಯಲ್ಲ, ಆ ಡೈ. ನಾನೂವೆ ಅದ್ನೇ ಆಕಿ ಅಂತ ಏಳ್ತೀನಿ ಕಣವ್ವ."

ಅಪ್ಪ ಜಗಲಿ ಮೇಲೆ ಮಲಗಿದ್ದ. ನಿದ್ದೆ ಅಂದುಕೊಂಡೆ.

"ನೀವಾಗಿ ಕೇಳ್ಬೇಡಿ. ಬೇಕಾದ್ರೆ ಡಾಕ್ಟ್ರೇ ಹೇಳ್ತಾರೆ. ಹೇಳಿದ್ರೆ ಬೇಡ ಅನ್ಬೇಡಿ, ಆದ್ರೆ ಮೊದ್ಲು ಕಿಡ್ನಿ ಟೆಸ್ಟ್ ಮಾಡ್ಸಿ. ಅಪ್ಪಂಗೆ ಬೇಕಾಗಿರ್ಲಿಲ್ಲ. ನಾನೇ ಹಟ ಮಾಡಿ ಹಾಕ್ಸಿದೆ. ಕಿಡ್ನಿ ಹೋಗಿದ್ದು ಅದ್ರಿಂದ."

ಗುಂಡಯ್ಯ ಎದ್ದು ಹೋದ. ತಿರುಗಿದರೆ ಅಪ್ಪ ನನ್ನನ್ನೇ ನೋಡುತ್ತಿದ್ದ.

"ನಂಗೊತ್ತಿತ್ತು ಕಣವ್ವ. ಮೈಸೂರಲ್ಲಿ ಡಾಕ್ಟ್ರು ನನ್ ಮುಂದೇನೇ ಅಂದ್ರಲ್ಲ."

"ಮತ್ತೆ ಊರೋರ ಮುಂದೆಲ್ಲ ನನ್ನ ಯಾಕೆ ಹೊಗಳ್ತಿದ್ದೆ?"

"ನಾ ಅಂಗ್ ಏಳ್ದೆ ಇದ್ರೆ ಅವ್ರು ನಿನ್ ಬಗ್ಗೆ ಇನ್ನೊಂಥರ ಏಳೋರು."

ಅಪ್ಪ ನೀರು ಕೇಳಿದ. ಇವತ್ತು ಕುಡಿಯಬಹುದಾದಷ್ಟು ಆಗಲೇ ಕುಡಿದಾಗಿತ್ತು. ಕಿಡ್ನಿ ಇಲ್ಲದ ಮೇಲೆ ಅದಕ್ಕಿಂತ ಹೆಚ್ಚು ಕೊಡಕೂಡದು ಅಂತ ಡಾಕ್ಟರು ಅಂದಿದ್ದಾರೆ. ಆದರೂ ಒಂದು ಗುಟುಕು ಕೊಟ್ಟೆ. ಕುಡಿದು ಲೋಟವನ್ನು ಮತ್ತೆ ನನ್ನ ಕಡೆ ಚಾಚಿದ. "ಇನ್ನೊಂದ್ ಚೂರು, ಮಗಾ..."

ನಾನು ಲೋಟ ತೆಗೆದುಕೊಂಡು ಬೋರಲು ಹಾಕಿ ಅಪ್ಪನ ಪಕ್ಕ ಕೂತೆ.