ಬೇಸಿಗೆಯ ಉದ್ದ ತೋಳು

ಹೊಲಿಗೆ ಅಂಗಡಿಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಸೊಸೆ ಮಗಳೇ,

ಹೇಗಿದ್ದೀಯ? ನಮ್ಮ ಗುಬ್ಬಿಯ ಕೆಮ್ಮು ನಿಂತಿತೇ? ಆಶ್ರಯಮನೆಯಲ್ಲಿ ಬಿಸಿನೀರಿಗೆ ಸಾಲು ನಿಲ್ಲಬೇಕಂತೆ, ನಿನ್ನ ಕೇಸು ನೋಡುವ ವಕೀಲಮ್ಮ ಹೇಳಿದರು. ನಿಲ್ಲುವಾಗ ಮಗುವಿನ ಕಿವಿಗೆ ಏನಾದರೂ ಸುತ್ತು, ತಣ್ಣನೆ ಗಾಳಿಯನ್ನು ನಂಬಬಾರದು. ನಿನ್ನ ಎಡಗೈ ಮೇಲಕ್ಕೆ ಎತ್ತಲು ಬರುತ್ತಿದೆಯೋ, ಇನ್ನೂ ಜೋಮು ಹಿಡಿಯುತ್ತದೋ? ನಿಜ ಬರೆ, ನನ್ನ ಸಮಾಧಾನಕ್ಕೆ ಬರೆಯಬೇಡ. ನೀವಿರುವ ಜಾಗ ಮಾತ್ರ ತಪ್ಪಿಯೂ ಬರೆಯಬೇಡ. ಗೊತ್ತಾದರೆ ನಿದ್ದೆಯಲ್ಲಿ ಬಡಬಡಿಸಿಬಿಡುತ್ತೇನೋ ಎಂಬ ಭಯ ನನಗೆ. ಈ ಕಾಗದವನ್ನು ವಕೀಲಮ್ಮ ಸೋಮವಾರ ಬಂದು ಒಯ್ಯುತ್ತಾರೆ. ಒಳ್ಳೆಯ ಹೆಂಗಸು, ಆದರೆ ಆ ಕೈಚೀಲ ನೋಡಿದರೆ ನನಗೆ ಎದೆ ಡವಡವ. ಅದರೊಳಗೆ ಅವರ ಕನ್ನಡಕವೇ ಅವರಿಗೆ ಸಿಗುವುದಿಲ್ಲ. ನಾನು ನಾಲ್ಕನೇ ಕ್ಲಾಸು, ಅದೂ ಅರ್ಧಕ್ಕೆ. ಒತ್ತಕ್ಷರ ತಪ್ಪಿದ್ದರೆ ಗುಬ್ಬಿಯ ಕೈಲಿ ತಿದ್ದಿಸಿ ನಗಿ.

ಸುದ್ದಿ ಏನೆಂದರೆ, ಕಾನೂನು ಬದಲಾಯಿತು. ಚಳಿಗಾಲದಲ್ಲಿ ಪುರಸಭೆಯ ಹಾಲಿನಲ್ಲಿ ಜನರ ಅಭಿಪ್ರಾಯ ಕೇಳಲು ಸಮಿತಿಯವರು ಬಂದಿದ್ದರಲ್ಲ, ವಕೀಲಮ್ಮ ನನ್ನನ್ನೂ ಎಳೆದುಕೊಂಡು ಹೋಗಿದ್ದರಲ್ಲ, ಅದೇ. ಆವತ್ತಿನದನ್ನು ನಿನಗೆ ಪೂರ್ತಿ ಹೇಳಲೇ ಇಲ್ಲ. ಹೋಗುವ ಗಡಿಬಿಡಿಯಲ್ಲಿ ಅಳತೆಯ ಟೇಪು ಕುತ್ತಿಗೆಯಲ್ಲೇ ಉಳಿದಿತ್ತು, ಯಾರೋ ನನ್ನನ್ನು ಪರದೆ ಹೊಲಿಯಲು ಬಂದವಳು ಎಂದುಕೊಂಡು ಕಿಟಕಿ ತೋರಿಸಿದರು. ನಿವೃತ್ತ ಹೆಡ್‌ಮಾಸ್ತರರು ಎದ್ದು, "ಮನೆ ಜಗಳ ಬೀದಿಗೆ ತರಬೇಡಿ" ಎಂದರು. ನಮ್ಮ ಪಕ್ಕದ ಬೇಕರಿಯವಳು ಸುಮ್ಮನಿರುತ್ತಾಳೆಯೇ? "ನಾವೇನೂ ತರ್ಬೇಕಾಗಿಲ್ಲ ಸ್ವಾಮಿ, ಗೋಡೆ ತೆಳು, ಅದೇ ಬರತ್ತೆ" ಎಂದಳು. ಸಭೆಗೆ ಸಭೆಯೇ ನಕ್ಕಿತು. ಅಷ್ಟರಲ್ಲಿ ನನ್ನ ಸರದಿ. ವಕೀಲಮ್ಮ ಹೇಳಿಕೊಟ್ಟದ್ದೆಲ್ಲ ಗಾಳಿಗೆ ಹೋಯಿತು. "ನನ್ನ ಸೊಸೆ ಬೇಸಿಗೇಲಿ ಉದ್ದ ತೋಳಿನ ರವಿಕೆ ಹೊಲಿಸ್ಕೊಂಡ್ಲು. ಅಳತೆ ತಗೊಳ್ಳೋವಾಗ ನೋಡ್ದೆ. ಠಾಣೆಗೆ ಹೋದೆ. ಪೆಟ್ಟು ತಿಂದವಳೇ ಬಂದು ಹೇಳ್ಬೇಕು, ನೀವ್ಯಾರು ಅಂದ್ರು" ಎಂದೆ. ಅಷ್ಟೇ. ಕುಳಿತುಬಿಟ್ಟೆ.

ಈಗ ಹೊಸ ಕಾನೂನಿನಲ್ಲಿ, ಒಂದೇ ಸೂರಿನ ಕೆಳಗೆ ಇದ್ದು ಕಂಡವರು ಯಾರೇ ಆದರೂ ದೂರು ಕೊಡಬಹುದಂತೆ. ಪೆಟ್ಟು ತಿಂದವಳು ಮಗುವನ್ನು ಎತ್ತಿಕೊಂಡು ಓಡುವುದಲ್ಲ, ಕೈ ಎತ್ತಿದವನೇ ಮನೆ ಬಿಡಬೇಕಂತೆ. ವಕೀಲಮ್ಮ ಇದನ್ನು ಓದಿ ಹೇಳಿ, ನನ್ನ ಮುಖ ನೋಡಿದರು. "ಯೋಚ್ನೆ ಮಾಡಿ ಅಮ್ಮಾ, ಅವಸರ ಇಲ್ಲ" ಎಂದರು. ಅವರಿಗೇನು! ಅವತ್ತಿನಿಂದ ಊಟ ಸೇರುತ್ತಿಲ್ಲ, ಸೂಜಿಗೆ ದಾರ ಹೋಗುತ್ತಿಲ್ಲ. ಅವನು ನಾನು ಹೆತ್ತ ಮಗ. ಅತ್ತ ದರಿ, ಇತ್ತ ಪುಲಿ. ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಕೆಲಸ ಹೋದರೆ? ಹೀಗೆ ಯೋಚಿಸುತ್ತಿರುವಾಗಲೇ, ಮಗುವನ್ನು ಕಟ್ಟಿಕೊಂಡು ನೀನು ಎಲ್ಲಿ ಮಲಗುತ್ತೀಯೋ ಎಂಬುದು ನೆನಪಾಗಿ ಮತ್ತೆ ಮೊದಲಿಂದ ಶುರು.

ನಿನ್ನೆ ಅವನೇ ಅಂಗಡಿಗೆ ಇಳಿದು ಬಂದು, "ಬದಲಾಗಿದೀನಿ, ಬಾ ಅಂತ ಬರೀ ಅಮ್ಮಾ" ಎಂದ. ಪೆನ್ನು ಹಿಡಿದು ಕಾದೆ. ಅವಳ ಕೈ ಹೇಗಿದೆ ಎಂದು ಕೇಳಲಿ, ಆಮೇಲೆ ಬರೆಯೋಣ ಎಂದು ಕಾದೆ. ಅವನು, "ನನ್ನ ಷರ್ಟಿನ ಕಾಲರ್ ಆಯ್ತಾ?" ಎಂದು ಕೇಳಿ ಹೋದ. ಇನ್ನೂ ಕಾಯುತ್ತಿದ್ದೇನೆ. ಕೇಳಬಹುದು, ಅಲ್ಲವೇ? ಅವನು ಹೇಳಿದ ಮಾತನ್ನು ಹೇಳಿದ್ದೇನೆ, ಬಾ ಎಂದು ನಾನು ಬರೆದಿಲ್ಲ.

ಗುಬ್ಬಿ ಉದ್ದವಾಗಿರುತ್ತಾಳೆ ಎಂದು ಅವಳ ಶಾಲೆಯ ಲಂಗದ ಅಂಚು ಬಿಚ್ಚಿ ಇಳಿಸಿದ್ದೇನೆ, ಕಾಗದದ ಜೊತೆ ಬರುತ್ತದೆ. ಇಬ್ಬರೂ ಹೊಟ್ಟೆ ತುಂಬ ಉಣ್ಣಿ, ಕಣ್ತುಂಬ ನಿದ್ದೆ ಮಾಡಿ. ನನ್ನ ಆಯಸ್ಸಿನಲ್ಲಿ ಉಳಿದದ್ದು ನಿಮ್ಮಿಬ್ಬರಿಗೂ ಸೇರಲಿ.

ನಿನ್ನ ಅತ್ತೆ

ಮತ್ತೆ ಸೇರಿಸಿದ್ದು: ಇವತ್ತು ಸೋಮವಾರ, ವಕೀಲಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಬುಧವಾರ ಸಂಜೆಯವರೆಗೂ ಕಾದೆ, ಅವನು ನಿನ್ನ ಕೈಯ ವಿಷಯ ಕೇಳಲಿಲ್ಲ. ಗುರುವಾರ ಹೋಗಿ ದೂರಿಗೆ ಸಹಿ ಹಾಕಿದೆ. ಶನಿವಾರ ಕೋರ್ಟಿನ ಆಜ್ಞೆ ಬಂತು, ಪೊಲೀಸಿನವರು ಅವನನ್ನು ಕರೆದುಕೊಂಡು ಹೋಗಿ ಅವನ ಗೆಳೆಯನ ಮನೆಗೆ ಬಿಟ್ಟರು. ಈ ಬೀದಿಗೆ ಅವನು ಕಾಲಿಡುವ ಹಾಗಿಲ್ಲ. ಕಾಲರ್ ಹೊಲಿದೇ ಕಳಿಸಿದೆ, ಬೈಯಬೇಡ. ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದೇನೆ. ಲಂಗದ ಅಂಚಿನಲ್ಲಿ ಒಂದು ಕಡೆ ಭಾರವಾಗಿದ್ದರೆ ಹೊಲಿಗೆ ಕೆಟ್ಟಿದೆ ಎಂದುಕೊಳ್ಳಬೇಡ, ಆ ಕೈಚೀಲವನ್ನು ನಂಬಲಾರದೆ ನಿನ್ನ ಬೀಗದ ಕೈಯನ್ನು ಅಲ್ಲಿಟ್ಟು ಹೊಲಿದಿದ್ದೇನೆ. ಒಂದೇ ಎಳೆ ದಾರ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಲಗೈಯಿಂದ ಎಳೆ.